ಕಿವಿ ಮೇಸ್ತ್ರಿಗೆ ಕೇಳದ ಚೈನು

ಅವನನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಿವಿ ದೊಡ್ಡದಾಗಿತ್ತೆಂದಲ್ಲ, ಹಾಗೆ ನೋಡಿದರೆ ಅವನ ಮೂಗೇ ಹೆಚ್ಚು ಎದ್ದು ಕಾಣುತ್ತಿತ್ತು. ಹಳೇ ಮೋಟಾರ್ ಸೈಕಲ್ಲುಗಳ ರೋಗವನ್ನು ಅವನು ಕಿವಿಯಿಂದಲೇ ಪತ್ತೆ ಹಚ್ಚುತ್ತಿದ್ದ, ಅದಕ್ಕೆ ಆ ಹೆಸರು. ಮರದ ಹಿಡಿಯ ಒಂದು ಉದ್ದನೆಯ ಸ್ಕ್ರೂ ಡ್ರೈವರ್ ಇತ್ತು ಅವನ ಹತ್ತಿರ. ಅದರ ಮೊನೆಯನ್ನು ಓಡುತ್ತಿರುವ ಇಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತನೆಂದರೆ ಸುತ್ತ ಇದ್ದವರೂ ಉಸಿರು ಬಿಗಿಹಿಡಿಯುತ್ತಿದ್ದರು. ಅರ್ಧ ನಿಮಿಷ ಕಳೆದ ಮೇಲೆ ಕಣ್ಣು ತೆರೆದು, "ಎಡಗಡೆ ವಾಲ್ವು. ಬೇರೇನೂ ಮುಟ್ಟಬೇಡಿ," ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಎಡಗಡೆಯ ವಾಲ್ವೇ ಆಗಿರುತ್ತಿತ್ತು.

"ಮೊದಲು ಬಿಚ್ಚೋನು ಮೆಕ್ಯಾನಿಕ್ಕೇ ಅಲ್ಲ," ಎಂಬುದು ಅವನ ಮಾತು. "ಮೊದಲು ಕೇಳಬೇಕು." ಬೇರೆ ಗ್ಯಾರೇಜಿನವರನ್ನು ಅವನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಜಂಬ ಅವನಿಗೆ ಚೆನ್ನಾಗಿಯೇ ಇತ್ತು, ಅದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಆದರೆ ಕೈಯಲ್ಲಿ ಕೆಲಸ ಇದ್ದವನ ಜಂಬವನ್ನು ಜನ ಕ್ಷಮಿಸುತ್ತಾರೆ, ಅವನದನ್ನೂ ಕ್ಷಮಿಸಿದ್ದರು.

ಐವತ್ತೈದು ದಾಟಿದ ಮೇಲೆ ಆ ಕಿವಿ ಕೈಕೊಡತೊಡಗಿತು. ಒಮ್ಮೆಲೇ ಅಲ್ಲ. ತಗ್ಗಿನ ಸದ್ದುಗಳೆಲ್ಲ ಮೊದಲಿನಂತೆಯೇ ಇದ್ದವು: ಇಂಜಿನ್ನಿನ ಗುಡುಗುಡು, ಲಾರಿಯ ಮೊರೆತ, ಬಾಗಿಲು ಬಡಿದುಕೊಳ್ಳುವುದು. ಹೋದದ್ದು ಸಣ್ಣ ಸದ್ದುಗಳು. ಅಡುಗೆಮನೆಯ ಕುಕ್ಕರಿನ ಸೀಟಿ ಹೋಯಿತು, ಫೋನು ಹೋಯಿತು, ಬೆಳಗಿನ ಹಕ್ಕಿಗಳು ಹೋದವು. ಹಕ್ಕಿಗಳೇ ಕಡಿಮೆಯಾಗಿವೆ ಎಂದು ಅವನು ಒಂದು ವರ್ಷ ನಂಬಿಕೊಂಡೇ ಇದ್ದ.

ನಿಜ ಗೊತ್ತಾದದ್ದು ಪಕ್ಕದ, ಲೋಹ ಕಡೆಯುವ ಲೇತ್ ಅಂಗಡಿಯಲ್ಲಿ. ಲೇತಿನವನು ಒಂದು ದಿನ ಗಟ್ಟಿ ಉಕ್ಕಿಗೆ ಮೊಂಡು ಅಲಗು ಕೊಟ್ಟಾಗ ಎದ್ದ ಕೀರಲು ಸದ್ದಿಗೆ ಅಲ್ಲಿದ್ದವರೆಲ್ಲ ಮುಖ ಕಿವುಚಿ ಕಿವಿ ಮುಚ್ಚಿಕೊಂಡರು. ಮೇಸ್ತ್ರಿ ಒಬ್ಬನೇ ಆರಾಮಾಗಿ ನಿಂತಿದ್ದ. ಎಲ್ಲರೂ ಏಕೆ ಹಾಗೆ ಮಾಡುತ್ತಿದ್ದಾರೆಂದು ಹೊಳೆಯುವುದಕ್ಕೆ ಅವನಿಗೆ ಒಂದು ಗಳಿಗೆ ಬೇಕಾಯಿತು. ಹೊಳೆದ ಕೂಡಲೇ ತಾನೂ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡ. ಅಷ್ಟು ಹೊತ್ತಿಗೆ ಲೇತ್ ನಿಂತಿತ್ತು, ಉಳಿದವರು ಕೈ ಇಳಿಸಿದ್ದರು. ಲೇತಿನವನು ನಕ್ಕು, "ಮೇಸ್ತ್ರಿ ಲೋಕಲ್ ಟ್ರೈನು, ಲೇಟಾಗಿ ಬರ್ತಾರೆ," ಎಂದ. ಮೇಸ್ತ್ರಿಯೂ ನಕ್ಕ.

ಅಂದಿನಿಂದ ಮೂರು ವರ್ಷ ಅವನು ಈ ಗುಟ್ಟನ್ನು ಬಲು ಜೋಪಾನವಾಗಿ ಕಾಪಾಡಿಕೊಂಡ. ಗಿರಾಕಿ ಏನಾದರೂ ಹೇಳಿದರೆ ತುಟಿ ನೋಡುತ್ತಿದ್ದ. ಅರ್ಥವಾಗದಿದ್ದರೆ "ಹೂಂ, ನೋಡೋಣ" ಎನ್ನುತ್ತಿದ್ದ. ಆ ಎರಡು ಮಾತು ಯಾವ ಪ್ರಶ್ನೆಗಾದರೂ ಹೊಂದುತ್ತವೆ. ರೋಗ ಪತ್ತೆಗೆ ಸ್ಕ್ರೂ ಡ್ರೈವರ್ ಹಿಡಿದು ನಿಲ್ಲುವುದನ್ನು ಮಾತ್ರ ಬಿಡಲಿಲ್ಲ. ನಲವತ್ತು ವರ್ಷದ ಅನುಭವ, ಹೊಗೆಯ ಬಣ್ಣ, ಹ್ಯಾಂಡಲಿನ ನಡುಕ ಇವುಗಳಿಂದ ಊಹಿಸಿ ಹೇಳುತ್ತಿದ್ದ. ಹತ್ತರಲ್ಲಿ ಎಂಟು ಸಲ ಊಹೆ ಸರಿಹೋಗುತ್ತಿತ್ತು.

ಗುಟ್ಟು ಗೊತ್ತಿದ್ದದ್ದು ಒಬ್ಬಳಿಗೆ, ಗ್ಯಾರೇಜಿನ ಮೇಲಿನ ಎರಡು ಕೋಣೆಗಳಲ್ಲಿ ಅವನ ಜೊತೆ ಬದುಕುತ್ತಿದ್ದ ಹೆಂಡತಿಗೆ. ಮದುವೆಯಾದ ಹೊಸದರಲ್ಲಿ ಅವಳ ಮಾತು ಕೇಳಿಸಬೇಕಾದರೆ ಬಗ್ಗಿ ಕಿವಿಗೊಡಬೇಕಾಗುತ್ತಿತ್ತು, ಅಷ್ಟು ಮೆತ್ತಗಿನ ದನಿ. ಈಗ ಅದೇ ಹೆಂಗಸು ಮಹಡಿಯ ಮೆಟ್ಟಿಲ ಮೇಲೆ ನಿಂತು, "ಊಟಕ್ಕೆ ಬನ್ರೀ," ಎಂದು ಕೂಗಿದರೆ ಬೀದಿಯ ಆ ತುದಿಯವರೂ ಕೈ ತೊಳೆಯಬಹುದಾಗಿತ್ತು. ಗಂಡನನ್ನು ಹೆದರಿಸಿಟ್ಟುಕೊಂಡಿದ್ದಾಳೆ ಎಂದು ಬೀದಿ ತೀರ್ಮಾನಿಸಿತು. ಕಿವಿ ಮೇಸ್ತ್ರಿಯ ಹೆಂಡತಿಗೆ ಬಾಯಿ ಮೇಸ್ತ್ರಿ ಎಂದು ಹೆಸರೂ ಬಿತ್ತು. ಅದು ಅವಳ ಕಿವಿಗೂ ಬಿದ್ದಿತ್ತು. "ನನ್ನ ಗಂಡಂಗೆ ಕಿವಿ ಕೇಳಲ್ಲ" ಎಂದು ಒಂದೇ ಒಂದು ಸಲ ಹೇಳಿದ್ದರೆ ಆ ಹೆಸರು ಅಳಿಸಿಹೋಗುತ್ತಿತ್ತು. ಅವಳು ಹೇಳಲಿಲ್ಲ.

ಹೀಗಿರುವಾಗ ಟೈಲರಕ್ಕ ಗಾಡಿ ತಂದಳು. ಮೂರು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟಿದ್ದ ಹೆಂಗಸು, ವಯಸ್ಸು ಐವತ್ತರ ಹತ್ತಿರ. ಗಾಡಿ ಅವಳ ಅಣ್ಣನದು, ನಲವತ್ತು ವರ್ಷ ಹಳೆಯದು. ಅಣ್ಣ ಬಸ್ ಡ್ರೈವರ್ ಆಗಿದ್ದು ನಿವೃತ್ತನಾದವನು. ಆ ಮೋಟಾರ್ ಸೈಕಲ್ಲನ್ನು ಮೇಸ್ತ್ರಿಗಲ್ಲದೆ ಬೇರೆ ಯಾರಿಗೂ ಮುಟ್ಟಗೊಟ್ಟವನಲ್ಲ. ಸೊಂಟದ ಮೂಳೆ ಮುರಿದು ಮೂಲೆ ಹಿಡಿದ ಮೇಲೆ ಬೇರೆ ದಾರಿ ಕಾಣದೆ ಕೀಲಿಯನ್ನು ತಂಗಿಯ ಕೈಗಿಟ್ಟಿದ್ದ. ಆಕೆ ಅದನ್ನು ಕಲಿತು, ಪ್ರತಿ ಶನಿವಾರ ಅಣ್ಣನನ್ನು ಹಿಂದೆ ಕೂರಿಸಿಕೊಂಡು ಸೊಂಟದ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು.

"ಮೇಸ್ತ್ರಿ, ನಡುವಿಂದ ಒಂದು ಸದ್ದು ಬರ್ತಿದೆ. ಕಿರಿಕಿರಿ ಅಂತ, ಡಬ್ಬೀಲಿ ಸೂಜಿ ಅಲ್ಲಾಡಿಸಿದ ಹಾಗೆ," ಎಂದಳು.

ತುಟಿ ನೋಡಿ ಅವನು ಮಾತು ಹಿಡಿದ. ಸದ್ದು ನಡುವಿನಿಂದ ಬರುತ್ತಿದ್ದರೆ ಅದು ಕ್ಯಾಮ್ ಚೈನ್, ಅದಕ್ಕೆ ಕಿವಿಯೇ ಬೇಕಿಲ್ಲ. ಇಂಜಿನ್ನಿನ ಕೆಳಗಿನ ಶಾಫ್ಟಿನಿಂದ ತಲೆಯ ವಾಲ್ವುಗಳವರೆಗೆ ಒಳಗೊಳಗೇ ಓಡುವ ಸರಪಳಿ ಅದು. ಸವೆದಂತೆಲ್ಲ ಸಡಿಲವಾಗುತ್ತದೆ. ಸಡಿಲ ತೆಗೆಯಲು ಹಿಂಭಾಗದಲ್ಲಿ ಒಂದು ಪುಟ್ಟ ಉಕ್ಕಿನ ಸರಳು ಇರುತ್ತದೆ, ಅದರ ಬೆನ್ನಿಗೆ ಸ್ಪ್ರಿಂಗು. ಇಂಜಿನ್ ಓಡುತ್ತಿರುವಾಗ ಸರಳನ್ನು ಕಚ್ಚಿ ಹಿಡಿದ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿದರೆ ಸ್ಪ್ರಿಂಗು ಸರಳನ್ನು ಮುಂದಕ್ಕೆ ದಬ್ಬಿ ಚೈನನ್ನು ಬಿಗಿಮಾಡುತ್ತದೆ. ಆ ಕ್ಷಣಕ್ಕೆ ಕಿರಿಕಿರಿ ನಿಲ್ಲುತ್ತದೆ. ನಿಂತದ್ದನ್ನು ಕೇಳಿಸಿಕೊಂಡು ಬೋಲ್ಟನ್ನು ಬಿಗಿಯಬೇಕು. ಕೆಲಸ ಇಷ್ಟೇ, ಆದರೆ ನಿಂತದ್ದು ಕೇಳಬೇಕು.

ಮೇಸ್ತ್ರಿ ಸ್ಕ್ರೂ ಡ್ರೈವರನ್ನು ಕಿವಿಯ ಹಿಂದಕ್ಕೆ ಒತ್ತಿ ಕಣ್ಣು ಮುಚ್ಚಿದ. ಗುಡುಗುಡು ಕೇಳಿಸಿತು. ಕಿರಿಕಿರಿ ಕೇಳಲಿಲ್ಲ. ಬೋಲ್ಟನ್ನು ಸಡಿಲಿಸಿದ. ಗುಡುಗುಡು ಕೇಳಿಸಿತು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಬೋಲ್ಟು ಬಿಗಿದು ತಲೆಯಾಡಿಸಿದ. "ಹೋಯ್ತು ನೋಡಿ."

ಟೈಲರಕ್ಕ ತಲೆ ಓರೆಮಾಡಿ ನಿಂತಿದ್ದಳು. "ನಂಗೆ ಇನ್ನೂ ಕೇಳ್ತಿದೆ ಅನ್ಸುತ್ತೆ, ಮೇಸ್ತ್ರಿ."

"ದಿನವೆಲ್ಲ ಹೊಲಿಗೆ ಮಿಷನ್ ಮುಂದೆ ಕೂತಿರ್ತೀರ. ಆ ಸದ್ದೇ ಕಿವೀಲಿ ಮನೆ ಮಾಡ್ಕೊಂಡಿದೆ," ಎಂದ. ಲೇತಿನವನೂ ಇನ್ನಿಬ್ಬರು ಗಿರಾಕಿಗಳೂ ನಕ್ಕರು. ಆಕೆಯೂ ನಕ್ಕಳು. ಕಿವಿ ಮೇಸ್ತ್ರಿಯ ಮಾತಿಗೆ ಎದುರಾಡಲು ಆಕೆ ಯಾರು?

ಮೂರು ವಾರ ಕಳೆದಿತ್ತು. ಶನಿವಾರ ಮಧ್ಯಾಹ್ನ ಟೈಲರಕ್ಕ ಗಾಡಿಯನ್ನು ತಳ್ಳಿಕೊಂಡು ಬಂದಳು. ಸೇತುವೆಯ ಏರಿನ ಮೇಲೆ ಒಳಗೆ ಏನೋ ಫಟ್ ಎಂದು, ಇಂಜಿನ್ ನಿಂತುಬಿಟ್ಟಿತಂತೆ. ಅಣ್ಣ ಹಿಂದೆ ಕೂತಿದ್ದ. ಯಾರೋ ಪುಣ್ಯಾತ್ಮರು ಕಾರು ನಿಲ್ಲಿಸಿ ಅವನನ್ನು ಮನೆಗೆ ಬಿಟ್ಟುಬಂದರು. ಆಕೆ ಬೆವರು ಸುರಿಸುತ್ತ ಒಬ್ಬಳೇ ಗಾಡಿ ತಳ್ಳಿದ್ದಳು.

ಮೇಸ್ತ್ರಿ ಕಿಕ್ಕರ್ ತುಳಿದ. ಕಾಲಿಗೆ ಎದುರು ಒತ್ತಡವೇ ಸಿಗದೆ ಸರ್ರನೆ ಕೆಳಗಿಳಿಯಿತು. ಚೈನ್ ಹಲ್ಲು ಹಾರಿದೆ, ವಾಲ್ವುಗಳು ಬಗ್ಗಿವೆ ಎಂದು ಕಾಲಿಗೇ ತಿಳಿಯಿತು. ಲೇತಿನವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಿದ್ದ. ಹಿಂದಿನ ಸಲ ನಕ್ಕಿದ್ದ ಗಿರಾಕಿಗಳಲ್ಲಿ ಒಬ್ಬನೂ ಅಲ್ಲೇ ಇದ್ದ. ಎಲ್ಲರೂ ಮೇಸ್ತ್ರಿಯ ಮುಖವನ್ನೇ ನೋಡುತ್ತಿದ್ದರು.

"ಆಯಿಲ್ ಯಾವಾಗ ಬದಲಾಯಿಸಿದ್ರಿ?" ಎಂದು ಕೇಳಿದ.

ಸುಳ್ಳು ಹೇಳಲು ಬಾರದ ಹೆಂಗಸು ಆಕೆ. "ಹೋದ ತಿಂಗಳು. ಒಂದು ವಾರ ತಡ ಆಗಿತ್ತು, ಬಟ್ಟೆ ಕೆಲಸ ಜಾಸ್ತಿ ಇತ್ತು."

ಅಷ್ಟು ಸಾಕಾಯಿತು ಅವನಿಗೆ. ಆ ಒಂದು ವಾರವನ್ನು ಹಿಡಿದುಕೊಂಡು ಗೂಬೆಯನ್ನು ಆಕೆಯ ತಲೆಯ ಮೇಲೆ ಕೂರಿಸಿಯೇಬಿಟ್ಟ. "ಅದೇ ಆಗಿದ್ದು. ಹಳೇ ಇಂಜಿನ್ನು, ಒಂದು ದಿನ ತಡ ಆದ್ರೂ ತಡೆಯಲ್ಲ. ಗಾಡಿ ಓಡ್ಸೋದು ಕಲಿತ್ರೆ ಆಗಲ್ಲ ಅಕ್ಕ, ನೋಡ್ಕೊಳ್ಳೋದೂ ಕಲೀಬೇಕು." ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಕಿವಿ ಮಂದವಾದವರ ದನಿ ಹಾಗೇ ಇರುತ್ತದೆ, ಆದರೆ ಅಲ್ಲಿದ್ದವರಿಗೆ ಅದು ಬೈಗುಳದಂತೆ ಕೇಳಿಸಿತು.

ಟೈಲರಕ್ಕ ತಲೆ ತಗ್ಗಿಸಿದಳು. "ತಪ್ಪಾಯ್ತು ಮೇಸ್ತ್ರಿ."

"ಇರಲಿ ಬಿಡಿ," ಎಂದ ಮೇಸ್ತ್ರಿ, ದೊಡ್ಡ ಮನಸ್ಸು ಮಾಡಿ.

ಎರಡು ದಿನ ಬೇರೆ ಗಾಡಿಗಳ ನೆಪ ಹೇಳಿಕೊಂಡು ಅವನು ಅದನ್ನು ಮುಟ್ಟಲಿಲ್ಲ. ಮಂಗಳವಾರ ಬೆಳಗ್ಗೆ ಇಂಜಿನ್ ಬಿಚ್ಚಿದ. ತಲೆಯ ಮುಚ್ಚಳ ತೆಗೆದಾಗ ಮೊದಲು ಕಂಡದ್ದು ಆಯಿಲ್. ಜೇನಿನ ಬಣ್ಣ, ಎಲ್ಲ ಕಡೆ ಸಮನಾಗಿ ಹರಡಿತ್ತು. ಕ್ಯಾಮ್ ಶಾಫ್ಟಿನ ಮೇಲೆ ಒಂದು ಗೀರಿಲ್ಲ, ಉಗುರು ಸವರಿದರೆ ಜಾರುತ್ತಿತ್ತು. ಇಷ್ಟು ಚೆನ್ನಾಗಿ ನೋಡಿಕೊಂಡ ಹಳೇ ಇಂಜಿನ್ನನ್ನು ಅವನು ವರ್ಷದಲ್ಲಿ ಒಂದೋ ಎರಡೋ ಕಾಣುತ್ತಿದ್ದ. ಚೈನು ಓಡುವ ಸುರಂಗದ ಗೋಡೆಯಲ್ಲಿ ಮಾತ್ರ ಹೊಸದಾಗಿ ಕೊರೆದ ಗಾಯ ಫಳಫಳ ಹೊಳೆಯುತ್ತಿತ್ತು. ಸಡಿಲ ಚೈನು ವಾರಗಟ್ಟಲೆ ಅಲ್ಲಿ ಬಡಿದಿತ್ತು. ಆ ಬಡಿತವೇ ಆಕೆ ಹೇಳಿದ ಕಿರಿಕಿರಿ.

ಕೊನೆಗೆ ಹಿಂಭಾಗದ ಸರಳನ್ನು ತೆಗೆಯಹೋದ. ಅದು ಬರಲಿಲ್ಲ. ತುಕ್ಕು ಹಿಡಿದು ತನ್ನ ತೂತಿನಲ್ಲೇ ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟು, ಕಾಯಿಸಿ, ತಟ್ಟಿ ತಟ್ಟಿ ಹೊರಗೆ ತೆಗೆದ. ಬೆರಳುದ್ದದ ಸರಳು. ಬೋಲ್ಟಿನ ಮೊನೆ ಕಚ್ಚಿದ ಗುರುತುಗಳು ಅದರ ಮೇಲೆ ಮೆಟ್ಟಿಲಿನಂತೆ ಒಂದರ ಹಿಂದೊಂದು ಇದ್ದವು. ಎಲ್ಲವೂ ಅವನ ಕೈಯ ಗುರುತುಗಳೇ. ಅಣ್ಣನ ಕಾಲದಿಂದಲೂ ಈ ಗಾಡಿ ಬರುತ್ತಿದ್ದದ್ದು ಇಲ್ಲಿಗೇ. ಪ್ರತಿ ಸಲವೂ ಸರಳು ಒಂದು ಕೂದಲಿನಷ್ಟು ಮುಂದೆ ಸರಿದಿತ್ತು, ಅವನು ಕೇಳಿ ಬಿಗಿದಿದ್ದ. ಕೊನೆಯದು, ಐದನೆಯ ಗುರುತು ಮಾತ್ರ ಜೋಡಿ ಗುರುತು. ಕಚ್ಚಿದ್ದ ಜಾಗವನ್ನೇ ಮತ್ತೆ ಕಚ್ಚಿತ್ತು. ಮೂರು ವಾರದ ಹಿಂದೆ ಅವನು ಬೋಲ್ಟು ಸಡಿಲಿಸಿ, ಐದು ಎಣಿಸಿ, ಮತ್ತೆ ಬಿಗಿದಾಗ ಸರಳು ಕದಲಿರಲೇ ಇಲ್ಲ. ಕಿರಿಕಿರಿ ನಿಂತಿರಲೇ ಇಲ್ಲ. ಆಕೆ ಸರಿಯಾಗಿಯೇ ಕೇಳಿಸಿಕೊಂಡಿದ್ದಳು.

ಮೇಸ್ತ್ರಿ ಸ್ಟೂಲಿನ ಮೇಲೆ ಕುಕ್ಕರಿಸಿದ. ಕಿವಿ ಕೇಳದ್ದಕ್ಕೆ ಅವನಿಗೆ ಅಷ್ಟು ನಾಚಿಕೆಯಾಗಲಿಲ್ಲ, ಅದು ವಯಸ್ಸಿನ ಕೆಲಸ. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ "ಇರಲಿ ಬಿಡಿ" ಎಂದದ್ದು ನೆನಪಾಗಿ ಮೈಯೆಲ್ಲ ಹಿಡಿಯಾಯಿತು. ತಾನು ಕೇಳಬೇಕಾಗಿದ್ದ ಕ್ಷಮೆಯನ್ನು ಆಕೆಯಿಂದ ಕೇಳಿಸಿಕೊಂಡು, ಅದನ್ನು ದಯಪಾಲಿಸಿಯೂ ಇದ್ದ. ಎಷ್ಟು ಸೊಗಸಾಗಿ ದಯಪಾಲಿಸಿದ್ದ!

ಸರಳನ್ನು ಗುಜರಿ ಡಬ್ಬಿಗೆ ಎಸೆದು ಹೊಸದನ್ನು ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎಸೆಯಲು ಕೈ ಎತ್ತಿಯೂ ಇದ್ದ. ಅಷ್ಟರಲ್ಲಿ ಹೆಂಡತಿ ಟೀ ತಂದಳು.

"ಟೈಲರಕ್ಕನ ಅಂಗಡೀಗೆ ಹೋಗಿದ್ದೆ," ಎಂದಳು, ಲೋಟವನ್ನು ಬೆಂಚಿನ ಮೇಲಿಟ್ಟು ಅವನಿಗೆ ತುಟಿ ಕಾಣುವಂತೆ ನಿಂತು. "ಅಣ್ಣ ಮಾತು ಬಿಟ್ಟಿದಾನಂತೆ. ನಲವತ್ತು ವರ್ಷ ಕಾಪಾಡಿದ ಗಾಡೀನ ನಿನ್ನ ಕೈಗೆ ಕೊಟ್ಟಿದ್ದೇ ತಪ್ಪು ಅಂತ ಕೀಲಿ ಕಿತ್ಕೊಂಡನಂತೆ. ಇನ್ಮೇಲೆ ಆಸ್ಪತ್ರೆಗೂ ಹೋಗಲ್ಲ ಅಂತ ಗೋಡೆ ಕಡೆ ತಿರುಗಿ ಮಲಗಿದಾನೆ. ಪಾಪ, ಬಟ್ಟೆ ಕತ್ತರಿಸ್ತಾನೇ ಅಳ್ತಿದ್ಲು." ಸ್ವಲ್ಪ ತಡೆದು ಕೇಳಿದಳು: "ನಿಜವಾಗ್ಲೂ ಆಯಿಲ್ಲಿಂದಾನೇ ಹೋಗಿದ್ದಾ?"

ಮೇಸ್ತ್ರಿಗೆ ಪ್ರತಿ ಮಾತೂ ತಿಳಿದಿತ್ತು. ಆದರೂ ಕೇಳಿಸದವನಂತೆ ಟೀ ಲೋಟದ ಕಡೆ ನೋಡಿದ. ಮೂರು ವರ್ಷದಿಂದ ಮುಚ್ಚಿಟ್ಟಿದ್ದ ಕಿವುಡು ಆ ಗಳಿಗೆಯಲ್ಲಿ ಅನುಕೂಲಕ್ಕೆ ಬಂತು.

ಹೆಂಡತಿ ದನಿ ಏರಿಸಲಿಲ್ಲ, ಇನ್ನೊಮ್ಮೆ ಕೇಳಲೂ ಇಲ್ಲ. ಅವನ ಅಂಗೈಯಲ್ಲಿದ್ದ ಸರಳನ್ನು ನೋಡಿದಳು, ಅವನ ಮುಖವನ್ನು ನೋಡಿದಳು, ಮೆಟ್ಟಿಲು ಹತ್ತಿ ಹೋದಳು. ಟೀ ಆರಿತು.

ಆ ಸಂಜೆ ಅವನು ಸರಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಟೈಲರಕ್ಕನ ಮನೆಗೆ ಹೋದ. ಅಂಗಡಿಯ ಹಿಂದೆಯೇ ಮನೆ. ಅಣ್ಣ ಮಂಚದ ಮೇಲಿದ್ದ, ದಿಂಬಿನ ಪಕ್ಕದಲ್ಲಿ ಕೀಲಿ. ಟೈಲರಕ್ಕ ಮೇಸ್ತ್ರಿಯನ್ನು ಕಂಡು ಕುರ್ಚಿಯ ಮೇಲಿನ ಬಟ್ಟೆ ತೆಗೆದಳು. ಅವನು ಕೂರಲಿಲ್ಲ. ಹಿಂದೆ ಬಾಗಿಲು ಹಾಕಿಕೊಂಡು, ಬಟ್ಟೆ ಬಿಡಿಸಿ, ಸರಳನ್ನು ಅಣ್ಣನ ಕೈಗೆ ಕೊಟ್ಟ. ಜೋಡಿ ಗುರುತಿನ ಮೇಲೆ ಉಗುರಿಟ್ಟು ತೋರಿಸಿದ.

"ಆಯಿಲ್ ಚೆನ್ನಾಗೇ ಇತ್ತು. ಇಷ್ಟು ಚೆನ್ನಾಗಿ ನೀವೂ ನೋಡ್ಕೊಂಡಿರಲಿಲ್ಲ. ಇದು ಹಿಡ್ಕೊಂಡಿತ್ತು. ಸದ್ದು ನಿಲ್ಲಲಿಲ್ಲ, ನಾನು ನಿಂತಿತು ಅಂದೆ. ನಂಗೆ ಕೇಳಿರಲಿಲ್ಲ. ಮೂರು ವರ್ಷ ಆಯ್ತು, ಸಣ್ಣ ಸದ್ದು ಯಾವುದೂ ಕೇಳಲ್ಲ ನಂಗೆ."

ಅಣ್ಣ ಸರಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ. ಆಮೇಲೆ ತಂಗಿಯ ಕಡೆ ನೋಡಲಾರದೆ ಕೀಲಿಯನ್ನು ಹಾಸಿಗೆಯ ಅಂಚಿಗೆ ಸರಿಸಿದ. ಆಕೆ ಅದನ್ನು ತಕ್ಷಣ ಎತ್ತಿಕೊಳ್ಳಲಿಲ್ಲ.

"ಮೇಸ್ತ್ರಿ," ಎಂದಳು. ಅವನು ಆಕೆಯ ತುಟಿ ನೋಡಿದ. "ಅವತ್ತು ಎಲ್ಲರ ಮುಂದೆ ಅಂದ್ರಿ. ಇವತ್ತು ಬಾಗಿಲು ಹಾಕ್ಕೊಂಡು ಹೇಳ್ತಿದ್ದೀರ."

"ಹೂಂ, ನೋಡೋಣ" ಎಂಬುದು ಬಾಯಿಗೆ ಬಂದಿತ್ತು, ಪುಣ್ಯಕ್ಕೆ ನುಂಗಿಕೊಂಡ.

ಹತ್ತು ದಿನ ಅವನು ಆ ಇಂಜಿನ್ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಹೊಸ ಚೈನು, ಹೊಸ ವಾಲ್ವು ಹಾಕಿದ. ಲೇತಿನವನ ಕೈಲಿ ಹೊಸ ಸರಳು ಕಡೆಸಿದ. ಹಳೆಯ ಸರಳು ಹೇಗೆ ಹಾಳಾಯಿತೆಂದು ಅವನು ಕೇಳಿದಾಗ ಮೇಸ್ತ್ರಿ "ಶನಿವಾರ ಗಾಡಿ ಕೊಡೋವಾಗ ಎಲ್ಲರ ಮುಂದೇನೇ ಹೇಳ್ತೀನಿ" ಎಂದ. ಇಂಜಿನ್ ಕೆಲಸ ಕಷ್ಟವೆನಿಸಲಿಲ್ಲ. ಕಷ್ಟವೆನಿಸಿದ್ದು ಶನಿವಾರದ ಯೋಚನೆ. ಇನ್ನು ಮುಂದೆ ಯಾರು ತನ್ನ ಹತ್ತಿರ ಗಾಡಿ ತರುತ್ತಾರೆ? ಕಿವಿ ಇಲ್ಲದ ಕಿವಿ ಮೇಸ್ತ್ರಿ ಎಂದು ಮಕ್ಕಳೂ ನಗುವುದಿಲ್ಲವೇ?

ಶನಿವಾರ ಟೈಲರಕ್ಕ ಬಂದಳು. ಆಟೋದಲ್ಲಿ ಅಣ್ಣನನ್ನೂ ಕರೆತಂದಿದ್ದಳು. ಲೇತಿನವನು ಬಂದ, ನಾಲ್ಕಾರು ಗಿರಾಕಿಗಳು ಸೇರಿದರು. ಮೇಸ್ತ್ರಿ ಕಿಕ್ಕರ್ ತುಳಿದ, ಇಂಜಿನ್ ಎರಡನೆಯ ತುಳಿತಕ್ಕೇ ಎದ್ದಿತು. ಇನ್ನು ಚೈನಿನ ಸಡಿಲ ತೆಗೆಯುವುದೊಂದು ಬಾಕಿ. ಎಲ್ಲರೂ ಎಂದಿನಂತೆ ಉಸಿರು ಬಿಗಿಹಿಡಿದು ಅವನ ಸ್ಕ್ರೂ ಡ್ರೈವರಿಗಾಗಿ ಕಾದರು.

ಅವನು ಅದನ್ನು ಕೈಗೆತ್ತಿಕೊಂಡ, ಕಿವಿಗೆ ಇಡಲಿಲ್ಲ.

"ಈ ಅಕ್ಕನ ಮೇಲೆ ಅವತ್ತು ತಪ್ಪು ಹೊರಿಸಿದೆ. ತಪ್ಪು ನಂದು," ಎಂದ. ದನಿ ಎಂದಿನಂತೆ ಜೋರಾಗಿಯೇ ಇತ್ತು, ಇಂಜಿನ್ ಸದ್ದಿನ ಮೇಲೂ ಎಲ್ಲರಿಗೂ ಕೇಳಿಸಿತು. "ಗಾಡೀನ ಇವರು ಚೆನ್ನಾಗೇ ನೋಡ್ಕೊಂಡಿದ್ರು. ನಂಗೆ ಕಿವಿ ಕೇಳಲ್ಲ. ಚೈನ್ ಸದ್ದು ಕೇಳಲ್ಲ, ಹಕ್ಕಿ ಕೂಗೋದು ಕೇಳಲ್ಲ. ಮೂರು ವರ್ಷದಿಂದ ಇದನ್ನ ಸುಮ್ನೆ ಹಿಡ್ಕೊಂಡು ನಿಲ್ತಿದ್ದೆ." ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೂ ಮುಂದುವರಿಸಿದ. "ನನ್ನ ಹೆಂಡ್ತಿ ಕೂಗಾಡೋದು ಅವಳ ಬಾಯಿ ಜೋರು ಅಂತಲ್ಲ. ನಂಗೆ ಕೇಳಲ್ಲ ಅಂತ. ನೀವು ಏನೇನೋ ಹೆಸರಿಟ್ರಿ. ನಂಗೂ ಗೊತ್ತಿತ್ತು. ಸುಮ್ನಿದ್ದೆ."

ಯಾರೂ ನಗಲಿಲ್ಲ. ಲೇತಿನವನು ತನ್ನ ಚಪ್ಪಲಿ ನೋಡಿಕೊಂಡ. ಮೇಸ್ತ್ರಿ ಮೆಟ್ಟಿಲ ಕಡೆ ತಿರುಗಿದ. ಹೆಂಡತಿ ಅಲ್ಲೇ ಕಂಬಿ ಹಿಡಿದು ನಿಂತಿದ್ದಳು.

"ಬಾರೇ ಇಲ್ಲಿ. ನೀನು ಕೇಳಿಸ್ಕೋ. ನಾನು ಬೋಲ್ಟು ಬಿಡ್ತೀನಿ, ಕಿರಿಕಿರಿ ನಿಂತ ಕೂಡಲೇ ಹೇಳು."

ಅವಳು ಸೆರಗಿಗೆ ಕೈ ಒರೆಸಿಕೊಂಡು ಇಳಿದುಬಂದಳು. ಸ್ಕ್ರೂ ಡ್ರೈವರಿನ ಹಿಡಿಯನ್ನು ಅವಳ ಕಿವಿಯ ಹಿಂದೆ ಎಲ್ಲಿ ಒತ್ತಬೇಕೆಂದು ಅವನು ತೋರಿಸಿಕೊಟ್ಟ. ಅವಳು ಕಣ್ಣು ಮುಚ್ಚಿದಳು. ಅವನು ಬಗ್ಗಿ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿದ. ಒಳಗೆ ಸರಳು ಮುಂದೆ ಸರಿದಿರಬೇಕು. ಅವಳ ಹುಬ್ಬು ಅಲುಗಿತು, ತುಟಿ ತೆರೆಯಿತು. ಮೂರು ವರ್ಷ ಬೀದಿಗೆಲ್ಲ ಕೇಳುವಂತೆ ಕೂಗಿದ್ದ ಆ ಗಂಟಲಿನಿಂದ ಮದುವೆಯಾದ ಹೊಸದರಲ್ಲಿದ್ದಷ್ಟೇ ಮೆತ್ತಗೆ ಮಾತು ಹೊರಬಂತು. ಮೇಸ್ತ್ರಿ ಸ್ಪ್ಯಾನರ್ ಹಿಡಿದು ಬೋಲ್ಟನ್ನೇ ನೋಡುತ್ತಿದ್ದ. ಅವನಿಗೆ ಕೇಳಲಿಲ್ಲ.

ಟೈಲರಕ್ಕ ಎರಡು ಹೆಜ್ಜೆ ಮುಂದೆ ಬಂದು ಅವನ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಹೇಳಿದಳು:

"ನಿಂತಿತು ಅಂತಿದಾರೆ ಮೇಸ್ತ್ರಿ. ಬಿಗೀರಿ."